ಮಕ್ಕಳ ಸಿನಿಮಾ ರೇಟಿಂಗ್‌ಗೇ ಒಂದು ರೇಟಿಂಗ್: ಐದಕ್ಕೆ ಮೂರು ಸ್ಟಾರ್

ಮೊದಲೇ ಹೇಳಿಬಿಡುತ್ತೇನೆ, ಇದು ಯಾವ ಸಿನಿಮಾದ ವಿಮರ್ಶೆಯೂ ಅಲ್ಲ. ಸಿನಿಮಾ ಶುರುವಾಗುವ ಮೊದಲು ಪರದೆ ಮೇಲೆ ಬಂದು ಹೋಗುವ ಆ ಗುರುತು ಇದೆಯಲ್ಲ, ಯು, ಪಿಜಿ, 12ಎ, ಪಿಜಿ-13, ಯುಎ 13+ ಅಂತ, ಅದರ ವಿಮರ್ಶೆ. ಮಕ್ಕಳಿರುವ ಮನೆಗೆ ಇದೂ ಒಂದು ಸೇವೆಯೇ ಅಲ್ವಾ? ಪ್ರತಿ ಸಿನಿಮಾವನ್ನೂ ಮೊದಲು ನಾವು ನೋಡಿ, ಆಮೇಲೆ ಮಕ್ಕಳಿಗೆ ತೋರಿಸುವಷ್ಟು ಪುರುಸೊತ್ತು ಯಾರಿಗಿದೆ? ಅದಕ್ಕೇ ಬೇರೆ ಯಾರೋ ನಮ್ಮ ಪರವಾಗಿ ನೋಡಿ, ಇಷ್ಟು ವಯಸ್ಸಿನವರಿಗೆ ಪರವಾಗಿಲ್ಲ ಅಂತ ಹೇಳುತ್ತಾರೆ. ನಾವು ನಂಬುತ್ತೇವೆ. ಆ ನಂಬಿಕೆಗೆ ಎಷ್ಟು ಬೆಲೆ ಸಿಗುತ್ತಿದೆ ಅಂತ ಒಮ್ಮೆ ನೋಡೋಣ.

ಮೂರು ಸ್ಟಾರ್‌ನಲ್ಲಿ ಒಂದು ಮಾತ್ರ ಆ ಗುರುತಿಗೆ. ಉಳಿದ ಎರಡು ಅದರ ಕೆಳಗೆ ಚಿಕ್ಕ ಅಕ್ಷರದಲ್ಲಿ ಬರುವ ಕಾರಣಕ್ಕೆ. ಗುರುತು ಎಲ್ಲರ ಕಣ್ಣಿಗೂ ಬೀಳುತ್ತದೆ, ಕಾರಣವನ್ನು ಯಾರೂ ಓದುವುದಿಲ್ಲ. ಆದರೆ ಗುರುತು ನಿಂತಲ್ಲಿ ನಿಲ್ಲುವ ವಸ್ತು ಅಲ್ಲ. ಕಾಲ ಕಳೆದಂತೆ ಅದರೊಳಗಿನ ಸರಕು ಬದಲಾಗುತ್ತದೆ, ದೇಶ ಬದಲಾದರೆ ವಯಸ್ಸೂ ಬದಲಾಗುತ್ತದೆ. ಹತ್ತು ವರ್ಷದ ಹಿಂದಿನ ಪಿಜಿ-13 ಮತ್ತು ಈ ವರ್ಷದ ಪಿಜಿ-13 ಒಂದೇ ಅಂದುಕೊಂಡರೆ ಕೆಟ್ಟಿರಿ.

ಬ್ರಿಟನ್ನಿನಲ್ಲಿ ಸಿನಿಮಾಗಳಿಗೆ ಈ ಗುರುತು ಕೊಡುವ ಮಂಡಳಿಯಾದ ಬಿಬಿಎಫ್‌ಸಿಯಿಂದ ಶುರು ಮಾಡುತ್ತೇನೆ. ತಮ್ಮ ಲೆಕ್ಕಾಚಾರವನ್ನು ಜಾಸ್ತಿ ಬಿಚ್ಚಿ ಹೇಳುವವರು ಇವರೇ. ಇವರ ಪ್ರಕಾರ ಯು ಅಂದರೆ ನಾಲ್ಕು ವರ್ಷ ದಾಟಿದ ಮಕ್ಕಳಿಗೆ ಸರಿಹೋಗಬೇಕು. ಪಿಜಿ, ಅಂದರೆ ಹೆತ್ತವರ ಮಾರ್ಗದರ್ಶನ ಇರಲಿ ಅನ್ನುವುದು, ಸುಮಾರು ಎಂಟು ವರ್ಷದ ಮಗುವನ್ನು ಕಂಗೆಡಿಸಬಾರದು. ಈ ಎಂಟು ಅನ್ನುವ ಅಂಕೆ ಎಷ್ಟು ಜನರಿಗೆ ಗೊತ್ತಿದೆ ಹೇಳಿ. ಪಿಜಿ ಕಂಡ ಕೂಡಲೇ 'ಓ, ಮಕ್ಕಳ ಸಿನಿಮಾ' ಅಂತ ಐದು ವರ್ಷದ ಮಗುವನ್ನೂ ಪಕ್ಕಕ್ಕೆ ಕೂರಿಸಿಕೊಳ್ಳುವವರೇ ಜಾಸ್ತಿ. ಅಂಕೆಯನ್ನು ಗುರುತಿನ ಮೇಲೆ ಹಾಕಿಲ್ಲ, ವೆಬ್‌ಸೈಟಿನಲ್ಲಿ ಇಟ್ಟಿದ್ದಾರೆ. ಇದು ನನ್ನ ಮೊದಲ ತಕರಾರು.

ಈ ಗುಂಪುಗಳು ಹುಟ್ಟಿದ ರೀತಿ ನೋಡಿದರೆ ನಗು ಬರುತ್ತದೆ. 1912ರಲ್ಲಿ ಈ ಮಂಡಳಿ ಶುರುವಾದಾಗ ಇದ್ದದ್ದು ಎರಡೇ, ಯು ಮತ್ತು ಎ. 1932ರಲ್ಲಿ ಹೆದರಿಸುವ ಸಿನಿಮಾಗಳಿಗೆಂದೇ ಎಚ್ ಬಂತು. 1951ರಲ್ಲಿ ಎಚ್ ಹೋಗಿ ಎಕ್ಸ್ ಬಂತು, 16 ತುಂಬದವರಿಗೆ ಬಾಗಿಲು ಬಂದ್. 1970ರಲ್ಲಿ ಎಕ್ಸ್ ವಯಸ್ಸನ್ನು 18ಕ್ಕೆ ಏರಿಸಿ, ನಡುವೆ 14 ದಾಟಿದವರಿಗೆ ಎಎ ಅಂತ ಒಂದು ಸೇರಿಸಿದರು. 1982ರಲ್ಲಿ ಇದನ್ನೆಲ್ಲ ಗುಡಿಸಿ ಹಾಕಿ ಯು, ಪಿಜಿ, 15, 18 ಮಾಡಿದರು. ಪಿಜಿ ಮತ್ತು 15ರ ನಡುವೆ ಎಷ್ಟು ದೊಡ್ಡ ಕಂದಕ ಇದೆ ನೋಡಿ. ಎಂಟು ವರ್ಷದ ಮಗುವಿಗೆ ಜಾಸ್ತಿ, ಹದಿನೈದರ ಹುಡುಗನಿಗೆ ಕಡಿಮೆ ಅನ್ನುವಂಥ ಸಿನಿಮಾಗಳನ್ನು ಎಲ್ಲಿ ಹಾಕುವುದು? ಅದಕ್ಕೆ ಉತ್ತರವಾಗಿ 1989ರಲ್ಲಿ 12 ಬಂತು. ಅದನ್ನು ಮೊದಲು ಪಡೆದದ್ದು ಆ ವರ್ಷದ ಬ್ಯಾಟ್‌ಮನ್.

ಅಮೆರಿಕದ ಕಥೆಯೂ ಇದೇ. ಅಲ್ಲಿ 1968ರ ನವೆಂಬರ್ 1ರಂದು ಜಿ (ಎಲ್ಲರಿಗೂ), ಎಂ (ಸ್ವಲ್ಪ ಪ್ರೌಢರಿಗೆ), ಆರ್ (ಚಿಕ್ಕವರು ದೊಡ್ಡವರ ಜೊತೆಗೆ ಮಾತ್ರ), ಎಕ್ಸ್ (ದೊಡ್ಡವರಿಗೆ ಮಾತ್ರ) ಅನ್ನುವ ನಾಲ್ಕು ಗುಂಪು ಜಾರಿಗೆ ಬಂದವು. ಅದಕ್ಕೂ ಮೊದಲು ಹೇಸ್ ಕೋಡ್ ಅಂತ ಸಿನಿಮಾದವರೇ ಹಾಕಿಕೊಂಡ ಒಂದು ನೀತಿಸಂಹಿತೆ ಇತ್ತು, ಪಾಸ್ ಅಥವಾ ಫೇಲ್ ಅಷ್ಟೇ, ವಯಸ್ಸಿನ ಮಾತೇ ಇರಲಿಲ್ಲ. ಹೊಸ ಪದ್ಧತಿ ಬಂದ ಮೇಲೆ ಎಂ ಅಂದರೆ ಆರ್‌ಗಿಂತ ಖಾರ ಅಂತ ಹೆತ್ತವರು ತಪ್ಪು ತಿಳಿದರು. ಅದಕ್ಕೆ 1970ರಲ್ಲಿ ಎಂ ತೆಗೆದು ಜಿಪಿ ಮಾಡಿದರು, ಅದೂ ಗೊಂದಲವಾಗಿ 1972ರಲ್ಲಿ ಪಿಜಿ ಮಾಡಿದರು. ನಾಲ್ಕು ವರ್ಷದಲ್ಲಿ ಒಂದೇ ಗುಂಪಿಗೆ ಮೂರು ಹೆಸರು.

ಆಮೇಲೆ 1984. ಮೇ ತಿಂಗಳಲ್ಲಿ ಇಂಡಿಯಾನಾ ಜೋನ್ಸ್ ಅಂಡ್ ದಿ ಟೆಂಪಲ್ ಆಫ್ ಡೂಮ್ ಬಂತು, ಎದೆಯಿಂದ ಹೃದಯ ಕಿತ್ತು ತೆಗೆಯುವ ದೃಶ್ಯದ ಸಮೇತ, ಪಿಜಿ ಗುರುತಿನೊಂದಿಗೆ. ಜೂನ್‌ನಲ್ಲಿ ಗ್ರೆಮ್ಲಿನ್ಸ್ ಬಂತು, ಅದಕ್ಕೂ ಪಿಜಿ. ಚಿಕ್ಕ ಮಕ್ಕಳನ್ನು ಕರೆದುಕೊಂಡು ಹೋದ ಅಪ್ಪ ಅಮ್ಮಂದಿರು ರೇಗಿದರು. ಮೊದಲನೆಯದನ್ನು ನಿರ್ದೇಶಿಸಿದ, ಎರಡನೆಯದರ ನಿರ್ಮಾಣದಲ್ಲೂ ಇದ್ದ ಸ್ಟೀವನ್ ಸ್ಪೀಲ್‌ಬರ್ಗ್ ಅವರೇ ನಡುವೆ ಇನ್ನೊಂದು ಗುಂಪು ಇರಲಿ ಅಂತ, ರೇಟಿಂಗ್ ನಡೆಸುವ ಸಿನಿಮಾ ಸಂಸ್ಥೆಯ ಮುಖ್ಯಸ್ಥ ಜ್ಯಾಕ್ ವ್ಯಾಲೆಂಟಿ ಅವರಿಗೆ ಸೂಚಿಸಿದರು. ಜುಲೈ 1ಕ್ಕೆ ಪಿಜಿ-13, ಅಂದರೆ 13ರ ಒಳಗಿನವರ ಬಗ್ಗೆ ಹೆತ್ತವರು ಹೆಚ್ಚು ಎಚ್ಚರವಾಗಿರಲಿ ಅನ್ನುವ ಗುಂಪು, ಹುಟ್ಟಿಯೇಬಿಟ್ಟಿತು. ಇಷ್ಟು ಬೇಗ ಕೆಲಸ ಮಾಡಿದ ಸಿನಿಮಾ ಸಂಸ್ಥೆಯನ್ನು ನಾನು ಬೇರೆ ಕಂಡಿಲ್ಲ. ಆದರೆ ಇದರಿಂದ ಒಂದು ವಿಷಯ ಗೊತ್ತಾಗುತ್ತದೆ. ಮಕ್ಕಳ ಬೆಳವಣಿಗೆಯನ್ನು ಅಭ್ಯಾಸ ಮಾಡಿ, 13ಕ್ಕೆ ಮನಸ್ಸು ಹೀಗಿರುತ್ತದೆ ಅಂತ ಲೆಕ್ಕ ಹಾಕಿ ಈ ಗೆರೆ ಎಳೆದದ್ದಲ್ಲ. ಒಂದು ಗಲಾಟೆ ಆಯಿತು, ಅದನ್ನು ತಣ್ಣಗೆ ಮಾಡಬೇಕಿತ್ತು, ಗೆರೆ ಎಳೆದರು.

ಬ್ರಿಟನ್ನಿನಲ್ಲಿ 2002ರಲ್ಲಿ ಇದರ ಉಲ್ಟಾ ನಡೆಯಿತು. ಆ ವರ್ಷದ ಸ್ಪೈಡರ್‌ಮ್ಯಾನ್‌ಗೆ 12 ಕೊಟ್ಟರು. 12 ಅಂದರೆ ಅದಕ್ಕಿಂತ ಚಿಕ್ಕವರಿಗೆ ಟಿಕೆಟ್ಟೇ ಇಲ್ಲ. ಆಟಿಕೆ ಅಂಗಡಿ ತುಂಬ ಅದೇ ಹೀರೋ ಗೊಂಬೆ, ಸಿನಿಮಾಕ್ಕೆ ಮಾತ್ರ ಪ್ರವೇಶವಿಲ್ಲ! ಅಲ್ಲಿ ಕೊನೆಯ ಮಾತು ಸ್ಥಳೀಯ ಆಡಳಿತದ್ದು, ಹಾಗಾಗಿ ಕೆಲವು ಕಡೆ ಕೌನ್ಸಿಲ್‌ಗಳೇ ಮಂಡಳಿಯ ತೀರ್ಮಾನ ಬದಿಗಿಟ್ಟು ಚಿಕ್ಕ ಮಕ್ಕಳನ್ನು ಒಳಗೆ ಬಿಟ್ಟವು. ಅದೇ ಆಗಸ್ಟ್‌ನಲ್ಲಿ 12ಎ ಬಂತು. ದೊಡ್ಡವರು ಜೊತೆಗಿದ್ದರೆ 12ರ ಒಳಗಿನವರೂ ನೋಡಬಹುದು. ಮುಂದಿನ ವರ್ಷ ಜರ್ಮನಿಯೂ ತನ್ನ 12ರ ಸಿನಿಮಾಗಳಿಗೆ ಇಂಥದೇ ಸಡಿಲಿಕೆ ಕೊಟ್ಟಿತು, ಅಪ್ಪ ಅಥವಾ ಅಮ್ಮ ಜೊತೆಗಿದ್ದರೆ ಆರು ವರ್ಷದಿಂದಲೇ ಪ್ರವೇಶ.

ಭಾರತದಲ್ಲಿ ಎಲ್ಲವೂ ನಿಧಾನ. 1952ರ ಸಿನಿಮಾಟೋಗ್ರಾಫ್ ಕಾಯ್ದೆಯಲ್ಲಿ ಇದ್ದದ್ದು ಯು ಮತ್ತು ಎ. ಯುಎ ಸೇರಿದ್ದು 1983ರಲ್ಲಿ. 12 ವರ್ಷದ ಒಳಗಿನ ಮಕ್ಕಳ ವಿಷಯದಲ್ಲಿ ಹೆತ್ತವರು ಯೋಚಿಸಿ ತೀರ್ಮಾನಿಸಲಿ ಅನ್ನುವುದು ಅದರ ಅರ್ಥ. ಆಮೇಲೆ ನಲವತ್ತು ವರ್ಷ ಆ ಒಂದೇ ಯುಎ ಒಳಗೆ ಏನೆಲ್ಲ ತುರುಕಿದರು ಅಂದರೆ, ಒಂದೆರಡು ಏಟಿನ ಕುಟುಂಬದ ಸಿನಿಮಾವೂ ಯುಎ, ಮಚ್ಚು ಲಾಂಗು ಹಿಡಿದು ಊರೆಲ್ಲ ಓಡಾಡುವ ಸಿನಿಮಾವೂ ಯುಎ. 2016ರಲ್ಲಿ ಶ್ಯಾಮ್ ಬೆನಗಲ್ ಸಮಿತಿ ಇದನ್ನು 12+ ಮತ್ತು 15+ ಅಂತ ಒಡೆಯಿರಿ ಅಂದಿತು. 2023ರ ತಿದ್ದುಪಡಿಯಲ್ಲಿ ಕೊನೆಗೆ ಬಂದದ್ದು ಯುಎ 7+, 13+, 16+. ಇದಕ್ಕೆ ನಾನು ಮನಸಾರೆ ಒಂದು ಚಪ್ಪಾಳೆ ಹೊಡೆಯುತ್ತೇನೆ. ತಡವಾಯಿತು, ಆದರೆ ಅಂಕೆಯನ್ನು ಗುರುತಿನ ಮೇಲೇ ಹಾಕಿದರು. ಬ್ರಿಟನ್ನಿನ ಪಿಜಿಗೆ ಇಲ್ಲದ ಅನುಕೂಲ ಇದು. ಆದರೂ ಅದು ಸಲಹೆ ಮಾತ್ರ, ಗೇಟಿನಲ್ಲಿ ಯಾರೂ ವಯಸ್ಸು ಕೇಳುವಂತಿಲ್ಲ. ತೀರ್ಮಾನ ಹೆತ್ತವರದ್ದು.

ಈಗ ನನಗೆ ನಿಜವಾಗಿ ಸಿಟ್ಟು ಬರುವ ಭಾಗ. ಈ ನಡುವಿನ ಗುಂಪು, ಅಂದರೆ 12, 13ರ ಸುತ್ತಲಿನದು, ಹುಟ್ಟಿದ್ದು ಚಿಕ್ಕ ಮಕ್ಕಳ ಹೆತ್ತವರನ್ನು ಎಚ್ಚರಿಸಲು. ಬೆಳೆದದ್ದು ಮಾತ್ರ ವ್ಯಾಪಾರದ ಗುರಿಯಾಗಿ. ಆರ್ ಬಿದ್ದರೆ 17ರ ಒಳಗಿನವರು ದೊಡ್ಡವರಿಲ್ಲದೆ ಬರುವಂತಿಲ್ಲ, ಗಲ್ಲಾಪೆಟ್ಟಿಗೆಗೆ ಏಟು. ತೀರಾ ಜಿ ಬಿದ್ದರೆ ಹದಿಹರೆಯದವರು 'ಇದು ಚಿಕ್ಕಮಕ್ಕಳದ್ದು' ಅಂತ ಮೂಗು ಮುರಿಯುತ್ತಾರೆ. ಪಿಜಿ-13 ಇವೆರಡಕ್ಕೂ ಮದ್ದು. ಎಲ್ಲರೂ ಬರಬಹುದು, ಜೊತೆಗೆ ಸ್ವಲ್ಪ ದೊಡ್ಡವರದ್ದು ಅನ್ನುವ ಗತ್ತು ಬೇರೆ. ಹಾಗಾಗಿ ದೊಡ್ಡ ಬಜೆಟ್ಟಿನ ಸಿನಿಮಾಗಳೆಲ್ಲ ಇಲ್ಲೇ ಬಂದು ಕುಕ್ಕರಿಸಿದವು, ಮೊದಲು ಆರ್‌ನಲ್ಲಿ ಇರುತ್ತಿದ್ದ ಹೊಡೆದಾಟವನ್ನು ರಕ್ತ ಒರೆಸಿ ಇಲ್ಲಿಗೆ ತಂದವು.

2013ರಲ್ಲಿ ಪೀಡಿಯಾಟ್ರಿಕ್ಸ್ ಅನ್ನುವ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಬಂತು. ಹೆಚ್ಚು ಗಳಿಸಿದ ಸಿನಿಮಾಗಳನ್ನು ತೆಗೆದುಕೊಂಡು ಲೆಕ್ಕ ಹಾಕಿದ್ದರು. 1985ರಿಂದ ಈಚೆಗೆ ಪಿಜಿ-13 ಸಿನಿಮಾಗಳಲ್ಲಿ ಬಂದೂಕಿನ ಹಿಂಸೆ ಮೂರು ಪಟ್ಟಿಗಿಂತ ಜಾಸ್ತಿಯಾಗಿತ್ತು, 2012ರ ಹೊತ್ತಿಗೆ ಆರ್ ಸಿನಿಮಾಗಳಿಗೆ ಸಮನಾಗಿ, ಅಥವಾ ಅವನ್ನೂ ಮೀರಿಸಿ ನಿಂತಿತ್ತು. ಅದಕ್ಕೂ ಮೊದಲು, 2004ರಲ್ಲಿ, ಹಾರ್ವರ್ಡ್‌ನವರು 1992ರಿಂದ 2003ರವರೆಗಿನ ಸಿನಿಮಾಗಳನ್ನು ನೋಡಿ ಇಂಥದೇ ಮಾತು ಹೇಳಿದ್ದರು: ಗುರುತು ಅದೇ, ಒಳಗಿನ ಹಿಂಸೆ, ಬೈಗುಳ, ಲೈಂಗಿಕ ವಿಷಯ ಮಾತ್ರ ವರ್ಷದಿಂದ ವರ್ಷಕ್ಕೆ ಏರಿದೆ. ಹಳೆ ಡಬ್ಬಿ, ಹಳೆ ಲೇಬಲ್, ಒಳಗೆ ಮಾತ್ರ ಖಾರದ ಪುಡಿ ಜಾಸ್ತಿ.

ರಕ್ತ ಒರೆಸುವುದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಒಬ್ಬ ಗುಂಡು ಹಾರಿಸುತ್ತಾನೆ, ಇಪ್ಪತ್ತು ಜನ ಬೀಳುತ್ತಾರೆ, ಒಬ್ಬರ ಮೈಯಲ್ಲೂ ಗಾಯ ಕಾಣುವುದಿಲ್ಲ, ಯಾರೂ ನರಳುವುದಿಲ್ಲ, ಹೀರೋ ಒಂದು ಜೋಕ್ ಹೊಡೆದು ಮುಂದೆ ಹೋಗುತ್ತಾನೆ. ಇದು 13ಕ್ಕೆ ಸರಿ. ಅದೇ ಒಬ್ಬನೇ ಒಬ್ಬನಿಗೆ ಗುಂಡು ತಗುಲಿ, ಅವನು ನೋವಿನಿಂದ ಒದ್ದಾಡುವುದನ್ನು, ಮನೆಯವರು ಅಳುವುದನ್ನು ಇದ್ದದ್ದು ಇದ್ದ ಹಾಗೆ ತೋರಿಸಿದರೆ ಮೇಲಿನ ಗುಂಪಿಗೆ ಹೋಗುವ ಸಂಭವವೇ ಜಾಸ್ತಿ. ಗುಂಡು ಹೊಡೆದರೆ ಏನಾಗುತ್ತದೆ ಅಂತ ತಿಳಿಸುವ ಸಿನಿಮಾ ಮಕ್ಕಳಿಗೆ ಬೇಡ, ಏನೂ ಆಗುವುದಿಲ್ಲ ಅಂತ ತೋರಿಸುವ ಸಿನಿಮಾ ಬೇಕು! ಹೆದರಿಕೆಯನ್ನಷ್ಟೇ ಅಳೆದರೆ ಈ ಲೆಕ್ಕ ಸರಿ ಇರಬಹುದು, ಚಿಕ್ಕವರನ್ನು ರಕ್ತ ಹೆದರಿಸುತ್ತದೆ ನಿಜ. ಆದರೆ ಅಳೆಯಬೇಕಾದದ್ದು ಅದೊಂದೇನಾ?

ಬೈಗುಳದ ಲೆಕ್ಕ ಇನ್ನೂ ಮಜ. ಅಮೆರಿಕದ ನಿಯಮದಲ್ಲಿ ಎಫ್‌ನಿಂದ ಶುರುವಾಗುವ ಆ ನಾಲ್ಕಕ್ಷರದ ಇಂಗ್ಲಿಷ್ ಬೈಗುಳ ಒಂದು ಸಲ ಬಂದರೆ ಪಿಜಿ-13, ಅದೂ ಸುಮ್ನೆ ಬೈಗುಳವಾಗಿ. ಎರಡನೆಯ ಸಲ ಬಂದರೆ ಸಾಮಾನ್ಯವಾಗಿ ಆರ್. ಲೈಂಗಿಕ ಅರ್ಥದಲ್ಲಿ ಬಳಸಿದರೆ ಒಂದೇ ಸಲಕ್ಕೂ ಆರ್. ಮಂಡಳಿಯ ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಒಪ್ಪಿದರೆ ವಿನಾಯಿತಿ ಕೊಡಬಹುದು ಅನ್ನುವುದೂ ಇದೆ. ಬೈಗುಳವನ್ನು ಬೆರಳಲ್ಲಿ ಎಣಿಸುತ್ತಾರೆ, ಹೆಣ ಎಣಿಸುವುದಿಲ್ಲ.

ಹಾಗಂತ ಎಲ್ಲವೂ ಸಡಿಲವಾಗುತ್ತಲೇ ಹೋಗಿದೆ ಅಂದುಕೊಳ್ಳಬೇಡಿ. ಎರಡು ದಿಕ್ಕಿಗೂ ಹೋಗುತ್ತದೆ, ಅದೇ ಈ ವಿಷಯದ ಸ್ವಾರಸ್ಯ. 2007ರಿಂದ ಅಮೆರಿಕದವರು ಸಿಗರೇಟು ಸೇದುವುದನ್ನೂ ರೇಟಿಂಗ್‌ಗೆ ಪರಿಗಣಿಸುತ್ತಾರೆ. ಹಿಂದೆ ಅದನ್ನು ಯಾರೂ ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ. ಬಿಬಿಎಫ್‌ಸಿ ನಾಲ್ಕೈದು ವರ್ಷಕ್ಕೊಮ್ಮೆ ಜನರನ್ನು ಕೇಳಿ ತನ್ನ ನಿಯಮ ತಿದ್ದಿಕೊಳ್ಳುತ್ತದೆ. 2024ರಲ್ಲಿ ಬಂದ ತಿದ್ದುಪಡಿಗೆ ಸುಮಾರು 12,000 ಜನರ ಅಭಿಪ್ರಾಯ ಕೇಳಿದ್ದರು. ಫಲ? 12ಎ ಸಿನಿಮಾಗಳಲ್ಲಿ ಲೈಂಗಿಕ ದೃಶ್ಯಗಳ ಬಗ್ಗೆ ಜನ ಬಿಗಿಯಾದರು, ಗಾಂಜಾ ಸೇದುವ ದೃಶ್ಯದ ಬಗ್ಗೆ ಸ್ವಲ್ಪ ಸಡಿಲವಾದರು. ನಮಗೆ ಸರಿ ಕಾಣಲಿ ಬಿಡಲಿ, ಕೇಳಿ ಮಾಡಿದ್ದಾರೆ, ಕೇಳಿದ್ದನ್ನು ಹೇಳಿದ್ದಾರೆ. ನನ್ನ ಮೆಚ್ಚುಗೆಯಲ್ಲಿ ದೊಡ್ಡ ಪಾಲು ಈ ಅಭ್ಯಾಸಕ್ಕೇ.

ಹಳೆ ಸಿನಿಮಾಗಳ ಗುರುತೂ ಏರಿದೆ. ವಾಟರ್‌ಶಿಪ್ ಡೌನ್, 1978ರ ಮೊಲಗಳ ಕಾರ್ಟೂನ್, ಯು ಪಡೆದಿತ್ತು. ಮೊಲ ಅಂದಮೇಲೆ ಮುದ್ದು ಮುದ್ದಾಗಿರುತ್ತದೆ ಅಂತ ಮಕ್ಕಳನ್ನು ಕೂರಿಸಿದರೆ ಒಂದನ್ನೊಂದು ಕಚ್ಚಿ ಹರಿಯುವ ದೃಶ್ಯ, ರಕ್ತ, ಸಾವು. ದಶಕಗಳ ಕಾಲ ದೂರು ಬಂದ ಮೇಲೆ ಈಚೆಗೆ ಅದು ಪಿಜಿ ಆಯಿತು. ಇದನ್ನು ಯಾರು ಬೇಡ ಅನ್ನುತ್ತಾರೆ? ಮೇರಿ ಪಾಪಿನ್ಸ್ ಕಥೆ ಬೇರೆ. 1964ರ ಆ ಸಿನಿಮಾ 60 ವರ್ಷ ಯು ಆಗಿತ್ತು. 2024ರಲ್ಲಿ ಮತ್ತೆ ಚಿತ್ರಮಂದಿರಕ್ಕೆ ತರಲು ಕಳಿಸಿದಾಗ ಪಿಜಿ ಕೊಟ್ಟರು. ಅದರಲ್ಲಿ ಒಬ್ಬ ಮುದುಕ ದಕ್ಷಿಣ ಆಫ್ರಿಕಾದ ಒಂದು ಜನಾಂಗವನ್ನು ಹೀಗಳೆಯುವ ಹಳೆಯ ಹೆಸರು ಹೇಳುತ್ತಾನೆ, ಮಸಿ ಬಳಿದ ಮುಖದ ಚಿಮಣಿ ಕೆಲಸದವರನ್ನು ನೋಡಿ. ಸಿನಿಮಾದಲ್ಲಿ ಒಂದು ಫ್ರೇಮೂ ಬದಲಾಗಿರಲಿಲ್ಲ. ಬದಲಾದವರು ನೋಡುವವರು.

ಜಾಸ್ತಿ ಆಯಿತು ಅಂತ ಆಗ ಹಲವರು ಗೊಣಗಿದರು. ನನಗೆ ಹಾಗೆ ಅನಿಸಲಿಲ್ಲ. ಪಿಜಿ ಅಂದರೆ ತೋರಿಸಬೇಡಿ ಅಂತಲ್ಲ. ಮಗು ಆ ಮಾತನ್ನು ಶಾಲೆಯಲ್ಲಿ ಇನ್ನೊಬ್ಬರಿಗೆ ಅನ್ನಬಹುದು, ಪಕ್ಕದಲ್ಲಿದ್ದು ಒಂದು ಮಾತು ಹೇಳಿ ಅನ್ನುವ ಸೂಚನೆ. ನನ್ನ ತಕರಾರು ಬೇರೆ. ಪಿಜಿ ಸಿಕ್ಕಿದ್ದು ಆ ಚಿತ್ರಮಂದಿರದ ಪ್ರತಿಗೆ ಮಾತ್ರ. ಮನೆಯಲ್ಲಿ ನೋಡುವ ಪ್ರತಿಗಳು ಯು ಆಗಿಯೇ ಉಳಿದವು. ಯಾಕೆಂದರೆ ಮತ್ತೆ ಸಲ್ಲಿಸಿದರೆ ಮಾತ್ರ ಮತ್ತೆ ನೋಡುತ್ತಾರೆ. ಅಂದರೆ ಕಪಾಟಿನಲ್ಲಿರುವ ಹಳೆಯ ಸಿನಿಮಾಗಳ ಗುರುತು ಯಾವ ಕಾಲದ ಮನಸ್ಸಿನಿಂದ ಬಂದದ್ದೋ ಅದೇ ಕಾಲದಲ್ಲಿ ನಿಂತಿದೆ.

ಇನ್ನು ದೇಶಗಳ ವ್ಯತ್ಯಾಸ. ಸ್ಪೀಲ್‌ಬರ್ಗ್ ಅವರ ಇ.ಟಿ. ಸಿನಿಮಾ ಅಮೆರಿಕದಲ್ಲಿ ಪಿಜಿ, ಬ್ರಿಟನ್ನಿನಲ್ಲಿ ಯು. ಸ್ವೀಡನ್ನಿನಲ್ಲಿ 11! ಅಲ್ಲಿ ಮಕ್ಕಳೇ ಸಿಟ್ಟಾದರಂತೆ, ಆಗಬೇಕಾದದ್ದೇ. ಅದೇ ಸ್ವೀಡನ್ನಿನಲ್ಲಿ ಇವತ್ತು 15ರ ಮೇಲೆ ಗುಂಪೇ ಇಲ್ಲ, ಡೆನ್ಮಾರ್ಕಿನಲ್ಲೂ ಇಲ್ಲ. ಹದಿನೈದಾದರೆ ಏನು ಬೇಕಾದರೂ ನೋಡಿಕೊಳ್ಳಲಿ ಅನ್ನುವ ಧೋರಣೆ. ಅಮೆರಿಕದವರು ಬೆತ್ತಲೆ ಮೈ ಕಂಡರೆ ಬೆಚ್ಚುತ್ತಾರೆ, ಗುಂಡಿನ ಸದ್ದಿಗೆ ಕದಲುವುದಿಲ್ಲ. ಯುರೋಪಿನ ಉತ್ತರದವರು ಇದರ ತದ್ವಿರುದ್ಧ. ಇಬ್ಬರೂ ಹೇಳುವುದು ಮಕ್ಕಳ ಹಿತಕ್ಕೆ ಅಂತಲೇ. ಆದರೆ ಅಳೆಯುತ್ತಿರುವುದು ದೊಡ್ಡವರ ಮುಜುಗರ.

ನಿಜಕ್ಕೂ ಮಕ್ಕಳನ್ನು ಏನು ಹೆದರಿಸುತ್ತದೆ ಅಂತ ಜೋಆನ್ ಕ್ಯಾಂಟರ್ ಅನ್ನುವ ಸಂಶೋಧಕಿ ವರ್ಷಗಟ್ಟಲೆ ಅಭ್ಯಾಸ ಮಾಡಿದ್ದಾರೆ. ಅವರು ಕಂಡದ್ದು ಇಷ್ಟು: ಚಿಕ್ಕವರಿಗೆ ಭಯ ಹುಟ್ಟಿಸುವುದು ರೂಪ. ಶಾಲೆಗೆ ಹೋಗುವ ಮೊದಲಿನ ವಯಸ್ಸಿನ ಮಕ್ಕಳು ಟಿವಿಯ ಹಲ್ಕ್ ಹಸಿರು ದೈತ್ಯನಾಗಿ ಮಾರ್ಪಡುವ ದೃಶ್ಯಕ್ಕೆ ಹೆದರುತ್ತಿದ್ದರು. ಅವನು ಒಳ್ಳೆಯವನು, ಕಾಪಾಡಲು ಬರುತ್ತಿದ್ದಾನೆ ಅನ್ನುವುದು ಅವರ ತಲೆಗೆ ಹೋಗುವುದಿಲ್ಲ. ಸ್ವಲ್ಪ ದೊಡ್ಡವರಾದಂತೆ ದೈತ್ಯನ ಭಯ ಹೋಗುತ್ತದೆ, ನಿಜವಾಗಿ ನಡೆಯಬಹುದಾದದ್ದರ ಭಯ ಬರುತ್ತದೆ. ಕಳ್ಳ ಮನೆಗೆ ನುಗ್ಗುವುದು, ಅಮ್ಮನಿಗೆ ಕಾಯಿಲೆ ಬರುವುದು, ಯುದ್ಧ. ಹಾಗಾಗಿ ವಯಸ್ಸು ಏರಿದಷ್ಟೂ ಭಯ ಇಳಿಯುತ್ತದೆ ಅನ್ನುವ ನೇರ ಗೆರೆ ಇಲ್ಲ, ಭಯದ ಜಾತಿಯೇ ಬದಲಾಗುತ್ತದೆ. ಒಂದೇ ಅಂಕೆ ಇದನ್ನು ಹೇಗೆ ಹೇಳೀತು? ಐದರ ಮಗುವಿಗೆ ರಾಕ್ಷಸನ ಮುಖ ಆಗದು, ಹತ್ತರ ಮಗುವಿಗೆ ಆಸ್ಪತ್ರೆ ದೃಶ್ಯ ಆಗದು. ಎರಡೂ ಸಿನಿಮಾಕ್ಕೆ ಪಿಜಿಯೇ ಇರುತ್ತದೆ.

ಇದನ್ನು ಸ್ವಲ್ಪ ಅರ್ಥ ಮಾಡಿಕೊಂಡವರು ಡಚ್ಚರು. 2001ರಿಂದ ಅವರಲ್ಲಿ ಕೈಕ್‌ವೈಜರ್ ಅನ್ನುವ ಪದ್ಧತಿ ಇದೆ. ವಯಸ್ಸಿನ ಅಂಕೆಯ ಪಕ್ಕದಲ್ಲಿ ಚಿಕ್ಕ ಚಿತ್ರಗಳು: ಹಿಂಸೆಗೆ ಒಂದು, ಭಯಕ್ಕೆ ಒಂದು, ಬೈಗುಳಕ್ಕೆ ಒಂದು, ಹೀಗೆ. ಭಯಕ್ಕೆ ಬೇರೆಯೇ ಚಿತ್ರ ಇಟ್ಟಿದ್ದಾರೆ ನೋಡಿ, ಹಿಂಸೆಯೊಳಗೆ ಅದನ್ನು ಸೇರಿಸಿ ಕೈತೊಳೆದುಕೊಂಡಿಲ್ಲ. ಓದು ಬಾರದ ಮಗುವೂ ಆ ಚಿತ್ರ ನೋಡಿ ಹೇಳಬಹುದು. 2020ರಲ್ಲಿ 14 ಮತ್ತು 18 ಸೇರಿಸಿ ಗುಂಪುಗಳನ್ನು ಇನ್ನೂ ಹತ್ತಿರ ತಂದರು. ಅಲ್ಲಿ ಸಿನಿಮಾದವರದ್ದೇ ತರಬೇತಾದ ಜನ ಪ್ರಶ್ನಾವಳಿ ತುಂಬುತ್ತಾರೆ, ಉತ್ತರಗಳಿಂದ ಗುರುತು ತಾನಾಗಿ ಬರುತ್ತದೆ. ಮಾರುವವನೇ ತೂಕ ಹಾಕುವುದು ಅಂದರೆ ಅನುಮಾನ ಸಹಜ, ಆದರೂ ಪ್ರಶ್ನೆ ಎಲ್ಲರಿಗೂ ಒಂದೇ ಅನ್ನುವುದು ಸಮಾಧಾನ. ಅಮೆರಿಕದಲ್ಲಿ ನೋಡುವವರು ಹೆತ್ತವರೇ, ಸೇರುವಾಗ 5ರಿಂದ 15 ವರ್ಷದ ಮಕ್ಕಳಿರಬೇಕು. ಒಳ್ಳೆಯ ಯೋಚನೆ. ಆದರೆ ಹೆಚ್ಚಿನವರ ಹೆಸರು ಗುಟ್ಟು, ಚರ್ಚೆಯೂ ಗುಟ್ಟು.

ಮನೆಯಲ್ಲಿ ನೋಡುವ ಓಟಿಟಿಗಳ ಬಗ್ಗೆ ಹೇಳುವುದು ಕಡಿಮೆ. ಭಾರತದಲ್ಲಿ 2021ರ ಐಟಿ ನಿಯಮದ ಪ್ರಕಾರ ಅವರೇ ತಮ್ಮ ಸಿನಿಮಾಕ್ಕೆ 7+, 13+, 16+ ಹಾಕಿಕೊಳ್ಳುತ್ತಾರೆ. ಬ್ರಿಟನ್ನಿನಲ್ಲಿ ನೆಟ್‌ಫ್ಲಿಕ್ಸ್ ಬಿಬಿಎಫ್‌ಸಿಯ ಮಾನದಂಡ ಇಟ್ಟುಕೊಂಡು ತಾನೇ ಗುರುತು ಹಾಕುತ್ತದೆ. ಕಾರಣದ ಸಾಲು ಮೂಲೆಯಲ್ಲಿ ಬಂದು ಎರಡು ಸಲ ಕಣ್ಣು ಮಿಟುಕಿಸುವಷ್ಟರಲ್ಲಿ ಮಾಯ. ಮಕ್ಕಳು ರಿಮೋಟಿಗೆ ಜಗಳ ಆಡುತ್ತಿರುವಾಗ ಅದನ್ನು ಓದುವವರು ಯಾರು?

ನಾನು ಬಳಸುವ ದಾರಿ ಹೇಳುತ್ತೇನೆ. ಬಿಬಿಎಫ್‌ಸಿ ವೆಬ್‌ಸೈಟಿನಲ್ಲಿ ಪ್ರತಿ ಸಿನಿಮಾಕ್ಕೂ ವಿವರ ಇರುತ್ತದೆ, ಯಾವ ತರಹದ ಹೊಡೆದಾಟ, ಎಂಥ ಬೈಗುಳ, ಯಾರ ಸಾವು ಅಂತ. ಅದು ಐದಕ್ಕೆ ಐದು. ಕಥೆಯ ಗುಟ್ಟು ಕೆಲವೊಮ್ಮೆ ಬಿಟ್ಟುಕೊಡುತ್ತಾರೆ, ಹೆತ್ತವರಿಗೆ ಅದೇ ಬೇಕಾದದ್ದು. ಕಾಮನ್ ಸೆನ್ಸ್ ಮೀಡಿಯಾ ಅನ್ನುವ ಅಮೆರಿಕದ ಸಂಸ್ಥೆ ತನ್ನದೇ ಒಂದು ವಯಸ್ಸು ಹೇಳುತ್ತದೆ, ಪಕ್ಕದಲ್ಲೇ ಹೆತ್ತವರು ಹೇಳಿದ ವಯಸ್ಸು, ಮಕ್ಕಳು ಹೇಳಿದ ವಯಸ್ಸು ಬೇರೆ ಬೇರೆ ತೋರಿಸುತ್ತದೆ. ಮೂರೂ ಹೊಂದದೆ ಇದ್ದಾಗಲೇ ಅದು ಜಾಸ್ತಿ ಉಪಯೋಗ, ಎಲ್ಲಿ ತಕರಾರಿದೆ ಅಂತ ತಿಳಿಯುತ್ತದೆ.

ಒಂದು ಬೇಡಿಕೆ ಮಾತ್ರ ಇದೆ. ಗುರುತಿನ ಪಕ್ಕದಲ್ಲಿ ಅದನ್ನು ಕೊಟ್ಟ ವರ್ಷವನ್ನೂ ಕಣ್ಣಿಗೆ ಬೀಳುವಂತೆ ಹಾಕಿ. ಭಾರತದಲ್ಲಂತೂ ಇದು ಈಗ ತುರ್ತು. 2023ರ ತಿದ್ದುಪಡಿಯು ಮೂಲ ಕಾಯ್ದೆಯಲ್ಲಿದ್ದ 10 ವರ್ಷದ ಮಿತಿಯನ್ನು ತೆಗೆದು ಪ್ರಮಾಣಪತ್ರವನ್ನು ಶಾಶ್ವತ ಮಾಡಿದೆ. ನಿರ್ಮಾಪಕರಿಗೆ ಅನುಕೂಲ, ಒಪ್ಪುತ್ತೇನೆ. ಆದರೆ ಅಂಕೆ ಇಲ್ಲದ ಆ ಹಳೆಯ ಯುಎಗಳು ಹೊಸ 7+, 13+, 16+ ಪಕ್ಕದಲ್ಲೇ ಇನ್ನೂ ಎಷ್ಟೋ ವರ್ಷ ಓಡಾಡುತ್ತವೆ. ಹಾಗೊಂದು ಬರಿಯ ಯುಎ ಕಂಡರೆ ಅದನ್ನು 16+ ಅಂತಲೇ ತಿಳಿದು, ವಿವರ ಹುಡುಕಿ ಓದಿದ ಮೇಲೆ ಬೇಕಾದರೆ ಇಳಿಸಿಕೊಳ್ಳಿ.